ಪದರಿನೊಳಗಿನ ನೀರು

ಪುಣೆಯ ಭೋಸರಿಯಲ್ಲಿ ಕೆಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತುವ ರಿವೈಂಡಿಂಗ್ ಶೆಡ್ಡುಗಳಿವೆ, ಅಲ್ಲಿ ಒಂದು ನೇಮವಿದೆ. ಒದ್ದೆ ಮೋಟಾರಿನ ಮೇಲೆ ಯಾರೂ ತೀರ್ಪು ಕೊಡುವುದಿಲ್ಲ. ಮಳೆಗಾಲದಲ್ಲಿ ನೀರು ಕುಡಿದು ಬಂದ ಮೋಟಾರಿಗೆ ಮೆಗರ್ ಹಚ್ಚಿದರೆ ಮುಳ್ಳು ಸೊನ್ನೆಯ ಹತ್ತಿರವೇ ಬಿದ್ದುಕೊಂಡಿರುತ್ತದೆ. ಮೆಗರ್ ಅಂದರೆ ತಂತಿಯ ಮೇಲಿನ ಹೊದಿಕೆ ಗಟ್ಟಿ ಇದೆಯೋ ಇಲ್ಲವೋ ಎಂದು ಹೇಳುವ ಒಂದು ಕೈಪೆಟ್ಟಿಗೆ. ಗೊತ್ತಿಲ್ಲದವರು ಅದನ್ನು ನೋಡಿ ‘ಹೋಯಿತು, ಎಲ್ಲ ಕಿತ್ತು ಹೊಸದಾಗಿ ಸುತ್ತಿ’ ಎಂದುಬಿಡುತ್ತಾರೆ. ಗೊತ್ತಿದ್ದವರು ತುಟಿಪಿಟಕ್ಕೆನ್ನದೆ ಮೋಟಾರನ್ನು ಭಟ್ಟಿಯೊಳಗಿಟ್ಟು ಒಂದು ಹಗಲು ಒಣಗಲು ಬಿಡುತ್ತಾರೆ. ಆಮೇಲೆ ನೋಡಿದರೆ ಅದೇ ಮುಳ್ಳು ಎದ್ದು ನಿಂತಿರುತ್ತದೆ. ಹೊದಿಕೆಯಲ್ಲಿ ಏನೂ ಕೆಟ್ಟಿರಲಿಲ್ಲ, ನೀರು ಸೇರಿತ್ತು, ಅಷ್ಟೇ. ಅಲ್ಲಿ ತಂತಿ ಸುತ್ತುವ ಇಂದೂ ಈ ನೇಮವನ್ನು ಇಪ್ಪತ್ತೊಂದು ವರ್ಷ ಪಾಲಿಸಿಕೊಂಡು ಬಂದವಳು. ಅದಕ್ಕೇ ತನ್ನ ಮೈಯೊಳಗಿನ ಹೊದಿಕೆಯನ್ನು ಅಳೆಯುವ ದಿನ ಬಂದಾಗ ಅವಳು ಮೊದಲು ಹೋಗಿ ಭಟ್ಟಿಯ ಮುಂದೆ ಕೂತಳು.

ನಗಬೇಡಿ. ನಗಲೇಬೇಕೆಂದರೆ ಪೂರ್ತಿ ಕೇಳಿದ ಮೇಲೆ ನಗಿ.

ಇಂದೂ ಘಟಪ್ರಭಾ ಕಡೆಯವಳು. ಇಪ್ಪತ್ತಕ್ಕೆ ಮದುವೆಯಾಗಿ ಪುಣೆಗೆ ಬಂದಳು. ಗಂಡ ದಿಗಂಬರ ಆಗಲೂ ಶಾಲೆಯ ಬಸ್ಸು ಓಡಿಸುತ್ತಿದ್ದ, ಈಗಲೂ ಅದನ್ನೇ ಓಡಿಸುತ್ತಾನೆ. ಅವನದು ಮಾತು ಕಡಿಮೆ. ಇಡೀ ದಿನ ಮಕ್ಕಳ ಗಲಾಟೆ ಕೇಳಿ ಬಂದವನಿಗೆ ಮನೆಯಲ್ಲಿ ಸುಮ್ಮನಿರುವುದೇ ಸುಖ. ಮದುವೆಯಾದ ವರ್ಷವೇ ಇಂದೂ ಮನೆಯ ಹಿಂದಿನ ಗಲ್ಲಿಯ ಶೆಡ್ಡಿಗೆ ಕೆಲಸಕ್ಕೆ ಸೇರಿದಳು. ತಾಮ್ರದ ತಂತಿಯನ್ನು ಅಚ್ಚಿನ ಮೇಲೆ ಸುತ್ತಿ ಸುರುಳಿ ಮಾಡಿಕೊಡುವುದು ಅಲ್ಲಿ ಹೆಂಗಸರ ಕೆಲಸ. ಅವಳಿಗೆ ಅದನ್ನು ಕಲಿಸಿದವಳು ಪಕ್ಕದ ಮೇಜಿನ ಸಕ್ಕುಬಾಯಿ. ಇಂದೂಗಿಂತ ಹತ್ತು ವರ್ಷಕ್ಕೆ ದೊಡ್ಡವಳು, ಗಡಿಯ ಜತ್ತದ ಕಡೆಯವಳು, ಒಂದೇ ಉಸಿರಿನಲ್ಲಿ ಕನ್ನಡ ಮರಾಠಿ ಎರಡನ್ನೂ ಆಡುವವಳು. ಇಂದೂ ಸುತ್ತಿದ ಸುರುಳಿಗಳನ್ನು ಮೋಟಾರಿನ ಸೀಳುಗಳೊಳಗೆ ಕೂಡಿಸುವವಳೂ ಅವಳೇ.

ಸುತ್ತುವುದರಲ್ಲಿ ಏನಿದೆ ಮಹಾ ಎಂದು ನೀವು ಕೇಳಬಹುದು. ಎಡಗೈ ಹಿಡಿಕೆ ತಿರುಗಿಸುತ್ತದೆ. ಬಲಗೈಯ ಹೆಬ್ಬೆರಳು ತೋರುಬೆರಳುಗಳ ನಡುವೆ ತಂತಿ ಹಾದುಹೋಗುತ್ತದೆ. ಎಲ್ಲ ಇರುವುದು ಆ ಎರಡು ಬೆರಳುಗಳಲ್ಲಿ. ತಂತಿಯ ಮೇಲೆ ಎನಾಮಲ್ಲಿನ ತೆಳ್ಳನೆಯ ಹೊದಿಕೆ ಇರುತ್ತದೆ. ರೀಲಿನಲ್ಲಿ ಬರುವಾಗಲೇ ಎಲ್ಲೋ ಒಂದು ಕಡೆ ಗೀರು ಬಿದ್ದಿರಬಹುದು, ಕೂದಲಿನಷ್ಟು. ಕಣ್ಣಿಗೆ ಅದು ಕಾಣುವುದಿಲ್ಲ, ಬೆರಳಿಗೆ ಮಾತ್ರ ತಿಳಿಯುತ್ತದೆ. ತಿಳಿದೊಡನೆ ನಿಲ್ಲಿಸಬೇಕು, ಅಷ್ಟು ತಂತಿ ಕತ್ತರಿಸಿ ಎಸೆಯಬೇಕು. ಬಿಟ್ಟರೆ ಮೋಟಾರು ಹೊರಗಿನಿಂದ ಚೆನ್ನಾಗಿಯೇ ಇರುತ್ತದೆ, ಮೂರು ನಾಲ್ಕು ತಿಂಗಳು ಓಡುತ್ತದೆ, ಆಮೇಲೆ ಒಂದು ದಿನ ಸುಟ್ಟು ಕರಕಲಾಗುತ್ತದೆ. ಇಂದೂ ಸುತ್ತಿದ ಒಂದು ಮೋಟಾರೂ ಹಾಗೆ ಹಿಂದಕ್ಕೆ ಬಂದಿರಲಿಲ್ಲ. ಅವಳು ಇದನ್ನು ಯಾರ ಮುಂದೆಯೂ ಜಂಬ ಕೊಚ್ಚಿಕೊಳ್ಳುತ್ತಿರಲಿಲ್ಲ. ಆದರೆ ಅವಳ ಬಾಯಿಂದ ಇದನ್ನು ಕೇಳದವರು ಆ ಗಲ್ಲಿಯಲ್ಲಿ ಯಾರೂ ಇರಲಿಲ್ಲ.

ಇನ್ನೊಂದು ಗುಟ್ಟಿತ್ತು. ಸುತ್ತುವಾಗ ಅವಳು ಕಣ್ಣು ತೆರೆದೇ ಅರೆನಿದ್ದೆಗೆ ಜಾರುತ್ತಿದ್ದಳು. ಕೈ ತನ್ನಷ್ಟಕ್ಕೆ ಎಣಿಸಿಕೊಂಡು ಹೋಗುತ್ತಿತ್ತು, ಮನಸ್ಸು ಎದ್ದು ಎಲ್ಲಿಗೋ ನಡೆಯುತ್ತಿತ್ತು. ಹೊಳೆಯ ಮೆಟ್ಟಿಲು, ಅವ್ವ ಹಿಂಡಿ ಹರವಿದ ಸೀರೆಗಳು, ಅವುಗಳ ಅಡಿಯಲ್ಲಿ ತಂಪಾಗಿ ಕೂತ ಅವಳೇ ಆರು ವರ್ಷದವಳಾಗಿ. ಶೆಡ್ಡಿನ ಹೊರಗೆ ಟೆಂಪೋ ಹಿಂದಕ್ಕೆ ಬರುವ ಪೀಂಪೀಂ ಸದ್ದು, ತಗಡಿನ ಮೇಲೆ ಮಳೆ, ವಾರ್ನಿಶಿನ ಸಿಹಿಗಾರ ವಾಸನೆ, ಎಲ್ಲ ದೂರದಿಂದ ಬರುತ್ತಿದ್ದವು. ತಂತಿಯಲ್ಲಿ ಗೀರು ಬಂದಾಗ ಮಾತ್ರ ಬೆರಳು ಅವಳನ್ನು ತಟ್ಟಿ ಎಬ್ಬಿಸುತ್ತಿತ್ತು. ಅಷ್ಟು ಸುಖವಾದ ಕೆಲಸ ಜಗತ್ತಿನಲ್ಲಿ ಬೇರೆ ಇರಲಾರದು ಎಂದು ಅವಳ ನಂಬಿಕೆ.

ಮೂರು ವರ್ಷದ ಹಿಂದೆ ಅವಳ ಎಡಗಣ್ಣು ಮಂಜಾಯಿತು. ಒಂದು ತಿಂಗಳಿಗೆ ತಾನಾಗಿ ತಿಳಿಯಾಯಿತು, ಇವಳೂ ಮರೆತಳು. ಮರುವರ್ಷ ಬಲಗೈ ಜೋಮು ಹಿಡಿಯಿತು. ಮೊದಲು ಪಾತ್ರೆ ತಿಕ್ಕುವ ಸಾಬೂನಿನ ಮೇಲೆ ತಪ್ಪು ಹೊರಿಸಿದಳು. ಆಮೇಲೆ ಒಂದು ಮಧ್ಯಾಹ್ನ ಸುತ್ತುತ್ತಿರುವಾಗ, ತಂತಿ ಬೇರೆ ಯಾರದೋ ಬೆರಳುಗಳ ನಡುವೆ ಹಾದುಹೋಗುತ್ತಿದೆ ಅನ್ನಿಸಿತು. ಅಂದು ಮನೆಗೆ ಹೋದವಳು ದಿಗಂಬರನ ಮುಂದೆ ಅತ್ತಳು. ಅವನು ಮರುದಿನ ಬಸ್ಸಿಗೆ ರಜೆ ಹಾಕಿ ಅವಳನ್ನು ನದಿಯಾಚೆಯ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದ.

ಅಲ್ಲಿಯ ಡಾಕ್ಟರ್ ಕೇತಕಿ ಮೆದುಳಿನ ಚಿತ್ರದಲ್ಲಿ ಬಿಳಿ ಚುಕ್ಕೆಗಳನ್ನು ತೋರಿಸಿ, ಇದಕ್ಕೆ ಮಲ್ಟಿಪಲ್ ಸ್ಕ್ಲೆರೋಸಿಸ್ ಎನ್ನುತ್ತಾರೆ ಎಂದು ಮರಾಠಿಯಲ್ಲಿ ನಿಧಾನವಾಗಿ ಬಿಡಿಸಿ ಹೇಳಿದರು. ನರಗಳ ಮೇಲೆ ಮಯಲಿನ್ ಎಂಬ ಹೊದಿಕೆ ಇರುತ್ತದೆ, ಪದರದ ಮೇಲೆ ಪದರವಾಗಿ. ಅದು ಇದ್ದರೆ ಮೆದುಳಿನ ಸುದ್ದಿ ಕೈಗೆ, ಕೈಯ ಸುದ್ದಿ ಮೆದುಳಿಗೆ ಸರಾಗವಾಗಿ ಹೋಗುತ್ತದೆ. ಈ ಕಾಯಿಲೆಯಲ್ಲಿ ರೋಗಗಳಿಂದ ಮೈ ಕಾಯಬೇಕಾದ ರಕ್ತಕಣಗಳೇ ದಾರಿತಪ್ಪಿ ಆ ಹೊದಿಕೆಯನ್ನು ಸುಲಿಯುತ್ತವೆ. ಉಳಿದ ರೋಗಿಗಳಿಗೆ ಈ ಮಾತು ಅರ್ಥವಾಗಲು ವಾರಗಳು ಬೇಕಂತೆ. ಇಂದೂಗೆ ಅರ್ಧ ನಿಮಿಷ ಸಾಕಾಯಿತು. ಅವಳಿಗೆ ಭಯಕ್ಕಿಂತ ಮೊದಲು ಬಂದದ್ದು ಗುರುತು ಹಿಡಿದ ಸಂತೋಷ. ಇದು ನಮ್ಮದೇ ಕಸುಬು, ಒಳಗಿನ ಎನಾಮಲ್ ಹೋಗಿದೆ ಎಂದಳು. ಭಯ ಬಂದದ್ದು ಮೆಟ್ಟಿಲು ಇಳಿಯುವಾಗ. ತಂತಿಯಾದರೆ ಕಿತ್ತು ಹೊಸದು ಹಾಕಬಹುದು, ಇದಕ್ಕೆ ಏನು ಮಾಡುವುದು?

ತಿಂಗಳಿಗೊಂದು ಚುಚ್ಚುಮದ್ದು ಶುರುವಾಯಿತು. ಜೊತೆಗೆ ಆಸ್ಪತ್ರೆಯಲ್ಲಿ ನಡೆಯುತ್ತಿದ್ದ ಒಂದು ಅಧ್ಯಯನಕ್ಕೆ ಅವಳ ಹೆಸರು ಸೇರಿತು. ಮಾಮೂಲಿ ಎಂಆರ್‌ಐ ಹೊದಿಕೆ ಎಲ್ಲಿ ಕೆಟ್ಟಿದೆ ಎಂದು ತೋರಿಸುತ್ತದೆ, ಅಲ್ಲಿ ಎಷ್ಟು ಉಳಿದಿದೆ ಎಂದು ಹೇಳುವುದಿಲ್ಲ. ಉಳಿದದ್ದನ್ನು ಅಳೆಯುವ ಹೊಸ ಬಗೆಯೊಂದು ಇದೆ. ಈ ವರ್ಷ ಒಮ್ಮೆ, ಬರುವ ವರ್ಷ ಒಮ್ಮೆ ಅಳೆದು ಹೋಲಿಸಿ ನೋಡುತ್ತಾರೆ. ಇಳಿದಿದ್ದರೆ ಔಷಧ ಬದಲು. ‘ಇಳಿದಿದ್ದರೆ ತಂತಿಯ ಕೆಲಸವನ್ನೂ ಬಿಡಬೇಕಾಗುತ್ತದೆ,’ ಎಂದಿದ್ದರು ಡಾಕ್ಟರ್ ಕೇತಕಿ.

ಇಂದೂಗೆ ಆ ಕೊನೆಯ ಮಾತೊಂದೇ ಕಿವಿಯಲ್ಲಿ ಉಳಿಯಿತು. ಕಾಲು ಸೋಲುತ್ತದೋ ಕಣ್ಣು ಹೋಗುತ್ತದೋ, ಅದೆಲ್ಲ ಮುಂದಿನ ಮಾತು. ಆ ಮೇಜು, ಆ ಹಿಡಿಕೆ, ಆ ಅರೆನಿದ್ದೆ ತನ್ನ ಕೈತಪ್ಪಿದರೆ ತಾನು ಯಾರು ಎಂದು ಅವಳಿಗೆ ದಿಗಿಲು. ಶೆಡ್ಡಿನಲ್ಲಿ ಕಣ್ಣಿನ ತೊಂದರೆ ಎಂದು ಮಾತ್ರ ಹೇಳಿದಳು. ಬೆರಳಿನ ವಿಷಯ ಸಕ್ಕುಬಾಯಿಗೂ ಹೇಳಲಿಲ್ಲ. ತಂತಿಯನ್ನು ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ, ನಿಧಾನವಾಗಿ ಸುತ್ತತೊಡಗಿದಳು. ಮೋಟಾರುಗಳೇನೋ ಹಿಂದಕ್ಕೆ ಬರಲಿಲ್ಲ. ಬೆರಳಿಗೆ ತಿಳಿಯದಿದ್ದರೂ ಕೈಗೆ ಅಭ್ಯಾಸ ಇದೆ ಎಂದು ಸಮಾಧಾನ ಮಾಡಿಕೊಂಡಳು.

ಮೊದಲನೆಯ ಅಳತೆಗೆ ಹೋದಾಗ ಅಲ್ಲಿ ಸ್ಪಂದನಾ ಸಿಕ್ಕಳು. ಮಂಡ್ಯದ ಕಡೆಯ ಹುಡುಗಿ, ಎಂಜಿನಿಯರ್. ಯಂತ್ರ ಕೊಡುವ ಸಂಖ್ಯೆಗಳನ್ನು ಚಿತ್ರ ಮಾಡುವುದು ಅವಳ ಕೆಲಸ. ಕನ್ನಡದವಳೆಂದು ತಿಳಿದದ್ದೇ ಇಂದೂಗೆ ಅರ್ಧ ಗುಣವಾದಷ್ಟು ಖುಷಿ.

‘ಅಕ್ಕ, ಒಳಗೆ ತುಂಬಾ ಸೌಂಡ್ ಇರತ್ತೆ, ಭಯ ಪಡ್ಬೇಡಿ,’ ಎಂದಳು ಸ್ಪಂದನಾ.

‘ಸಪ್ಪಳಕ್ಕ ಯಾರು ಅಂಜತಾರ್ರಿ ಮೇಡಂ, ನಾ ಭೋಸರಿಯಾಕಿ,’ ಎಂದು ಇಂದೂ ಆ ದೊಡ್ಡ ಬಿಳಿ ಸುರಂಗವನ್ನು ಮೇಲಿನಿಂದ ಕೆಳಗೆ ನೋಡಿದಳು. ‘ಇದರಾಗ ಎಷ್ಟು ಸುತ್ತು ಅದಾವ್ರಿ?’

‘ಯಾವ ಸುತ್ತು?’

‘ಇದೂ ವೈಂಡಿಂಗಽ ಅಲ್ಲೇನ್ರಿ? ತಂತಿ ಸುತ್ತಲಾರದ ಚುಂಬಕ ಎಲ್ಲಿಂದ ಬರಬೇಕು?’

ನಾಲ್ಕು ವರ್ಷ ಆ ಯಂತ್ರದ ಜೊತೆ ಕಳೆದ ಸ್ಪಂದನಾಗೆ ಇದನ್ನು ಯಾವ ರೋಗಿಯೂ ಕೇಳಿರಲಿಲ್ಲ. ಸುತ್ತಿನ ಲೆಕ್ಕ ಅವಳಿಗೂ ಗೊತ್ತಿರಲಿಲ್ಲ. ಗೊತ್ತಿದ್ದಷ್ಟು ಹೇಳಿದಳು. ಒಳಗೆ ಮೈಲುಗಟ್ಟಲೆ ತಂತಿಯಿದೆ, ಮಂಜುಗಡ್ಡೆಗಿಂತ ಎಷ್ಟೋ ಪಟ್ಟು ತಣ್ಣನೆಯ ದ್ರವದಲ್ಲಿ ಮುಳುಗಿದೆ. ಒಮ್ಮೆ ಕರೆಂಟು ಬಿಟ್ಟರೆ ಸಾಕು, ಯಾರೂ ದೂಡದೆ ಅದು ವರ್ಷಗಟ್ಟಲೆ ತನ್ನಷ್ಟಕ್ಕೆ ಸುತ್ತುತ್ತಲೇ ಇರುತ್ತದೆ. ಇಂದೂ ಬಾಯಿ ತೆರೆದು ಕೇಳಿದಳು. ಹಗಲಿಲ್ಲ ಇರುಳಿಲ್ಲ, ತಡೆಯಿಲ್ಲ ಬಿಸಿಯಿಲ್ಲ, ಸುಮ್ಮನೆ ಸುತ್ತುವ ಕರೆಂಟು. ಅಂಥ ಸುರುಳಿಯ ಹೊಟ್ಟೆಯಲ್ಲಿ ಮಲಗುವ ಭಾಗ್ಯ ಯಾವ ವೈಂಡರಿಗೆ ಬಂದೀತು? ರೋಗದ ನೆಪದಲ್ಲಾದರೂ ಬಂತಲ್ಲ ಎಂದುಕೊಂಡಳು.

ವರ್ಷ ಕಳೆಯಿತು. ಎರಡನೆಯ ಅಳತೆಗೆ ಗೊತ್ತಾದದ್ದು ಜುಲೈ ತಿಂಗಳ ಒಂದು ಮಂಗಳವಾರ, ಬೆಳಿಗ್ಗೆ ಹನ್ನೊಂದಕ್ಕೆ. ಅದಕ್ಕೆ ಎಂಟು ದಿನದ ಹಿಂದಿನಿಂದ ಮಳೆ ಒಂದೇ ಸಮ ಹಿಡಿದುಕೊಂಡಿತ್ತು. ಹಗ್ಗದ ಮೇಲಿನ ಬಟ್ಟೆ ಒಣಗುತ್ತಿರಲಿಲ್ಲ. ಗೋಡೆಗೆ ಕೈ ಹಚ್ಚಿದರೆ ತೇವ. ಇಂದೂಗೆ ತನ್ನ ಬೆರಳುಗಳೂ ಎಂದಿಗಿಂತ ಭಾರ ಅನ್ನಿಸಿದವು. ಅವಳು ಅಳೆದೂ ಸುರಿದೂ ಒಂದು ತೀರ್ಮಾನಕ್ಕೆ ಬಂದಳು: ಮೈಗೆ ನೀರು ಸೇರಿದೆ. ಈ ಸ್ಥಿತಿಯಲ್ಲಿ ಅಳೆಸಿಕೊಂಡರೆ ಮುಳ್ಳು ಇಳಿದೇ ಇಳಿಯುತ್ತದೆ. ಅದು ಹೊದಿಕೆಯ ತಪ್ಪಲ್ಲ, ಹವೆಯ ತಪ್ಪು. ಮೋಸ ಮಾಡಬೇಕೆಂದು ಅವಳಿಗಿರಲಿಲ್ಲ, ಇದನ್ನು ಗಟ್ಟಿಯಾಗಿ ಹೇಳಬೇಕು. ಒದ್ದೆ ಮೋಟಾರಿಗೆ ಸಿಗುವ ನ್ಯಾಯ ತನಗೂ ಸಿಗಲಿ ಎಂದಷ್ಟೇ ಅವಳ ಆಸೆ.

ಮಂಗಳವಾರ ಏಳು ಗಂಟೆಗೇ ಶೆಡ್ಡಿಗೆ ಹೋದಳು. ಹಿಂದಿನ ದಿನ ಒಣಗಲಿಟ್ಟ ಮೋಟಾರುಗಳನ್ನು ಆಗತಾನೆ ತೆಗೆದು ಭಟ್ಟಿಯ ಬಾಗಿಲನ್ನು ಅರೆ ತೆರೆದಿಟ್ಟಿದ್ದರು. ಕೆಲಸದವರು ಚಹಾಕ್ಕೆ ಹೋಗಿದ್ದರು. ಇಂದೂ ಸ್ಟೂಲು ಎಳೆದುಕೊಂಡು, ಶಾಲು ಹೊದ್ದು, ಬಲಗೈಯನ್ನು ಮುಂದಕ್ಕೆ ಚಾಚಿ ಕೂತಳು. ಮೊದಮೊದಲು ಎಷ್ಟು ಹಿತ! ಕಾವು ಅಂಗೈಯಿಂದ ಮೊಣಕೈಗೆ, ಅಲ್ಲಿಂದ ಹೆಗಲಿಗೆ ಏರಿತು. ಕಣ್ಣು ಮುಚ್ಚಿತು. ಹೊಳೆಯ ಬಂಡೆಗಳು ಬಿಸಿಲಿಗೆ ಕಾದಿದ್ದವು, ಅವುಗಳ ಮೇಲೆ ಅವಳು ಬೋರಲು ಮಲಗಿದ್ದಳು, ಬೆನ್ನಿನ ನೀರು ಆವಿಯಾಗಿ ಹಾರುತ್ತಿತ್ತು. ಇನ್ನೇನು, ಪೂರ್ತಿ ಒಣಗಿದೆ ಎಂದು ಕಣ್ಣು ತೆರೆದಳು. ಶೆಡ್ಡು ಕಾಣಲಿಲ್ಲ. ಬಿಳಿಯದೊಂದು ಬೆಳಕು ಅಂಚಿಲ್ಲದೆ ಹರಡಿಕೊಂಡಿತ್ತು. ಏಳಲು ಹೋದಳು, ಕಾಲುಗಳು ಏಳಲಿಲ್ಲ.

ಸಕ್ಕುಬಾಯಿ ಬಂದಾಗ ಅವಳು ನೆಲದ ಮೇಲೆ ಒರಗಿಕೊಂಡಿದ್ದಳು.

‘ಅಗ ಇಂದೂ, ಏನ್ ಮಾಡ್ಕೊಂಡೀ?’

‘ಒಣಗಲಿಕ್ಕೆ ಕೂತಿದ್ದೆ ಅಕ್ಕಾ.’

‘ನೀ ಏನ್ ಹಪ್ಪಳೇನ?’ ಎನ್ನುತ್ತಲೇ ಸಕ್ಕುಬಾಯಿ ಅವಳ ಶಾಲು ಕಿತ್ತೆಸೆದು, ಕೊಡದ ನೀರಿನಲ್ಲಿ ಸೆರಗು ಅದ್ದಿ ಮುಖ ಒರೆಸಿದಳು.

‘ಕಣ್ಣು ಕಾಣವಲ್ದು,’ ಎಂದಳು ಇಂದೂ. ‘ರಿಕ್ಷಾ ಕರಿ. ಹನ್ನೊಂದಕ್ಕ ಅಳತಿ ಅದ.’

ರಿಕ್ಷಾದಲ್ಲಿ ದಾರಿಯುದ್ದಕ್ಕೂ ಅವಳಿಗೆ ಊರು ಕಾಣಲಿಲ್ಲ, ಬರೀ ಬಣ್ಣಗಳು ಕರಗಿ ಹೋಗುತ್ತಿದ್ದವು. ಸೇತುವೆಯ ಮೇಲೆ ಗಾಳಿ ತಣ್ಣಗೆ ಮುಖಕ್ಕೆ ಬಡಿದಾಗ ಸಿಗ್ನಲ್ಲಿನ ಕೆಂಪು ಒಂದು ಕ್ಷಣ ದುಂಡಗಾಗಿ, ಮತ್ತೆ ಹರಡಿಕೊಂಡಿತು. ಸಕ್ಕುಬಾಯಿ ಅವಳ ಬಲಗೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಿದ್ದಳು. ಹಿಡಿದಿದ್ದಾಳೆಂದು ಇಂದೂಗೆ ಬಹಳ ಹೊತ್ತು ಗೊತ್ತೇ ಆಗಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರ್ ಕೇತಕಿ ಓಡಿ ಬಂದರು. ರೋಗ ಹೊಸದಾಗಿ ಎರಗಿದೆಯೋ ಏನೋ ಎಂದು ಕಣ್ಣು, ಕಾಲು, ಮಂಡಿ ಎಲ್ಲ ಪರೀಕ್ಷಿಸಿ, ತಣ್ಣನೆಯ ಕೋಣೆಯಲ್ಲಿ ಮಲಗಿಸಿ, ಕುತ್ತಿಗೆಗೆ ಮಂಜುಗಡ್ಡೆಯ ಪಟ್ಟಿ ಹಾಕಿಸಿದರು. ಮುಕ್ಕಾಲು ಗಂಟೆಯಲ್ಲಿ ಗೋಡೆಯ ಗಡಿಯಾರದ ಮುಳ್ಳುಗಳು ಒಂದೊಂದಾಗಿ ಕಾಣಿಸಿಕೊಂಡವು. ಕಾಲ್ಬೆರಳು ಅಲ್ಲಾಡಿದವು. ಡಾಕ್ಟರು, ಇದು ಬಿಸಿಯ ಕಾಟ, ಹೊಸ ದಾಳಿಯಲ್ಲ, ಅಳೆಯಬಹುದು ಎಂದರು.

ಏನಾಯಿತೆಂದು ಸ್ಪಂದನಾ ಕೇಳಿದಾಗ ಇಂದೂ ಏನನ್ನೂ ಮುಚ್ಚಿಡಲಿಲ್ಲ. ಒದ್ದೆ ಮೋಟಾರು, ಮೆಗರು, ಭಟ್ಟಿ, ಎಲ್ಲ ಹೇಳಿದಳು. ಸ್ಪಂದನಾ ನಗಲಿಲ್ಲ. ಇಂದೂ ಕೂತಿದ್ದ ಗಾಲಿಕುರ್ಚಿಯ ಪಕ್ಕದಲ್ಲಿ ನೆಲದ ಮೇಲೆಯೇ ಕೂತುಬಿಟ್ಟಳು.

‘ಅಕ್ಕ, ನಾವು ಅಳೆಯೋದೇ ನೀರನ್ನ.’

‘ಅಂದ್ರ?’

‘ಮೆದುಳಲ್ಲಿ ಎಲ್ಲಾ ಕಡೆ ನೀರಿದೆ. ಜಾಸ್ತಿ ನೀರು ಫ್ರೀಯಾಗಿ ಓಡಾಡ್ಕೊಂಡಿರತ್ತೆ. ಮಯಲಿನ್ ಪದರ ಇದೆಯಲ್ಲ, ಆ ಪದರ ಪದರದ ಮಧ್ಯೆ ಸ್ವಲ್ಪ ನೀರು ಸಿಕ್ಕಾಕೊಂಡಿರತ್ತೆ, ಅದಕ್ಕೆ ಓಡಾಡೋಕೆ ಜಾಗ ಇಲ್ಲ. ಮಷಿನ್ ಒಂದ್ಸಲ ಎಲ್ಲಾ ನೀರನ್ನೂ ತಟ್ಟತ್ತೆ. ಸಿಕ್ಕಾಕೊಂಡಿರೋ ನೀರು ಬೇಗ ಸುಮ್ಮನಾಗತ್ತೆ, ಫ್ರೀ ನೀರು ತುಂಬಾ ಹೊತ್ತು ಮಾತಾಡ್ತಾ ಇರತ್ತೆ. ಬೇಗ ಸುಮ್ಮನಾದದ್ದು ಎಷ್ಟು ಪಾಲು ಅಂತ ನಾವು ಲೆಕ್ಕ ಹಾಕ್ತೀವಿ. ಪದರ ಇದ್ರೆ ತಾನೇ ನೀರು ಸಿಕ್ಕಾಕೊಳ್ಳೋದು? ಪದರ ಹೋದ್ರೆ ಆ ನೀರೂ ಹೋಯ್ತು.’

ಇಂದೂ ಎರಡು ಬೆರಳುಗಳನ್ನು ಒಂದಕ್ಕೊಂದು ಒತ್ತಿ, ನಡುವೆ ನೀರಿದೆಯೇನೋ ಎಂಬಂತೆ ನೋಡಿದಳು.

‘ಹಂಗಾರ ನೀರಽ ಹೊದಿಕಿ ಏನ್ರಿ?’

‘ಹೊದಿಕೆ ಕೊಬ್ಬಿಂದು. ನೀರು ಅದಕ್ಕೆ ಸಾಕ್ಷಿ. ಚೆನ್ನಾಗಿರೋ ಕಡೆ ನೂರಕ್ಕೆ ಹತ್ತು ಹನ್ನೆರಡು ಪಾಲು ಸಿಗತ್ತೆ. ನಿಮ್ಮ ಕೈಯ ದಾರಿಯಲ್ಲಿ ಆ ಚುಕ್ಕೆ ಇದೆಯಲ್ಲ, ಅಲ್ಲಿ ಹೋದ ವರ್ಷ ನಾಲ್ಕು ಇತ್ತು.’

‘ನಾ ಒಣಗಿಸಿದ್ದಕ್ಕ ಅದೂ ಹೋಗಿರತದೇನ್ರಿ?’

‘ಇಲ್ಲ ಅಕ್ಕ, ಅದು ಬಿಸಿಗೆ ಹೋಗಲ್ಲ. ಹೊದಿಕೆ ಇಲ್ದಿರೋ ನರ ಬಿಸಿಯಾದ್ರೆ ಸುದ್ದಿ ದಾರೀಲೇ ಬಿದ್ದೋಗತ್ತೆ, ಅದಕ್ಕೇ ಕಣ್ಣು ಮಂಜಾಗಿದ್ದು. ತಣ್ಣಗಾದ್ರೆ ಸರಿಹೋಗತ್ತೆ, ಆಯ್ತಲ್ಲ ಈಗ.’

ಇಪ್ಪತ್ತೊಂದು ವರ್ಷ ನೀರನ್ನು ವೈರಿ ಎಂದು ತಿಳಿದವಳು ಇಂದೂ. ನೀರು ಕಂಡಲ್ಲಿ ಒರೆಸಿದ್ದಳು, ಊದಿದ್ದಳು, ಭಟ್ಟಿಗೆ ಹಾಕಿದ್ದಳು. ತನ್ನೊಳಗೆ ಮಾತ್ರ ನೀರು ನಿಂತಷ್ಟು ಹೊತ್ತು ಹೊದಿಕೆ ಇದೆ ಎಂದು ಯಾರಾದರೂ ಮೊದಲೇ ಹೇಳಬಾರದಿತ್ತೇ? ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು, ಆಮೇಲೆ ನಗು ಬಂತು, ನಗುತ್ತ ನಗುತ್ತ ಕಣ್ಣು ತುಂಬಿದವು. ಸ್ಪಂದನಾ ಅವಳ ಕಿವಿಗೆ ಹತ್ತಿ ಇಟ್ಟು, ತಲೆಗೆ ಪಂಜರದಂಥ ಮುಚ್ಚಳ ಹಾಕಿ, ಸುರಂಗದೊಳಗೆ ಸರಿಸಿದಳು.

ಒಳಗೆ ತಂಪಿತ್ತು. ಯಂತ್ರ ಬಡಿಯತೊಡಗಿತು. ಟಕ್‌ಟಕ್‌ಟಕ್, ಆಮೇಲೆ ಗರ್ರ್, ಆಮೇಲೆ ದೂರದಲ್ಲಿ ಯಾರೋ ಬಟ್ಟೆ ಒಗೆಯುವ ಸದ್ದು. ಇಂದೂ ಎಂದಿನಂತೆ ಕಣ್ಣು ತೆರೆದೇ ಜಾರಿದಳು. ಈ ಸಲ ಹೊಳೆಗೆ ಹೋಗಲಿಲ್ಲ. ತನ್ನ ಬಲಗೈಯೊಳಗೆ ಇಳಿದಳು. ಅದು ಉದ್ದನೆಯ ಓಣಿ, ತಲೆಯ ಮೇಲೆ ಆಕಾಶವಿರಲಿಲ್ಲ. ಎರಡೂ ಬದಿಗೆ ಒದ್ದೆ ಸೀರೆಗಳನ್ನು ಒಂದರ ಮೇಲೊಂದು ಸುತ್ತಿಟ್ಟಿದ್ದರು, ಬಿಳಿಯವು, ತೆಳ್ಳನೆಯವು. ಪ್ರತಿ ಎರಡು ಸೀರೆಯ ನಡುವೆ ನೀರಿನ ಹಾಳೆಯೊಂದು ಅಲುಗದೆ ನಿಂತಿತ್ತು. ಅವಳು ಅಂಗೈ ಹಚ್ಚಿ ನಡೆದಳು. ತಂಪು ತಿಳಿಯಿತು. ಅಲ್ಲಿ ಅವಳ ಬೆರಳುಗಳಿಗೆ ಎಲ್ಲವೂ ತಿಳಿಯುತ್ತಿತ್ತು, ಎಳೆ ಎಳೆ, ಹನಿ ಹನಿ. ನಡೆಯುತ್ತ ನಡೆಯುತ್ತ ಒಂದು ಕಡೆ ಸೀರೆಗಳು ಮುಗಿದವು. ಅಲ್ಲಿ ನಾಲ್ಕು ಮಾತ್ರ ಉಳಿದಿದ್ದವು, ಅಂಚು ಹರಿದವು. ಅವುಗಳಾಚೆ ಒಂದು ತಂತಿ ಬರಿಮೈಯಲ್ಲಿ ನಡುಗುತ್ತ ನಿಂತಿತ್ತು. ಇಂದೂ ತನ್ನ ಸೆರಗು ಬಿಚ್ಚಿ ಅದಕ್ಕೆ ಸುತ್ತಲು ಹೋದಳು. ಸುತ್ತಿದಷ್ಟೂ ಸೆರಗು ಜಾರಿ ಬೀಳುತ್ತಿತ್ತು. ಅವಳು ಬೇಸರ ಮಾಡಿಕೊಳ್ಳದೆ ಮತ್ತೆ ಸುತ್ತಿದಳು, ಮತ್ತೆ ಸುತ್ತಿದಳು. ಸ್ಪಂದನಾ ಬಂದು ‘ಆಯ್ತು ಅಕ್ಕ’ ಎಂದಾಗ ಅವಳ ಎಡಗೈ ಆಸ್ಪತ್ರೆಯ ಹೊದಿಕೆಯೊಳಗೆ ಮೆಲ್ಲಗೆ ತಿರುಗುತ್ತಿತ್ತು.

ಭಟ್ಟಿಯ ಕತೆ ಕೇಳಿದ ದಿಗಂಬರ ಮೂರು ದಿನ ಹೆಂಡತಿಯ ಜೊತೆ ಮಾತಾಡಲಿಲ್ಲ. ನಾಲ್ಕನೆಯ ದಿನ ಬಸ್ಸಿನ ಕೆಲಸ ಮುಗಿಸಿ ಬರುವಾಗ ಟೇಬಲ್ ಫ್ಯಾನೊಂದನ್ನು ಹೊತ್ತು ತಂದ. ‘ಶೆಡ್ಡಿನಾಗ ಇಟ್ಕೋ,’ ಎಂದ. ಅವನ ಲೆಕ್ಕದಲ್ಲಿ ಅದೇ ದೊಡ್ಡ ಭಾಷಣ.

ಹತ್ತು ದಿನದ ಮೇಲೆ ಡಾಕ್ಟರ್ ಕೇತಕಿ ಫಲಿತಾಂಶ ತೆರೆದಿಟ್ಟರು. ಹೋದ ವರ್ಷದ ಚಿತ್ರ ಒಂದು ಕಡೆ, ಈ ವರ್ಷದ್ದು ಒಂದು ಕಡೆ. ಆ ಚುಕ್ಕೆಯಲ್ಲಿ ನಾಲ್ಕು ಇದ್ದದ್ದು ನಾಲ್ಕು ಚಿಲ್ಲರೆ ಆಗಿತ್ತು. ಆ ಚಿಲ್ಲರೆ ಯಂತ್ರದ ಹೆಚ್ಚುಕಮ್ಮಿ, ಅದನ್ನು ನಂಬಬಾರದು ಎಂದರು ಡಾಕ್ಟರು.

‘ಇಳಿದಿಲ್ಲ, ಅಲ್ಲವೇ?’ ಎಂದು ಇಂದೂ ಮರಾಠಿಯಲ್ಲಿ ಕೇಳಿದಳು.

‘ಇಳಿದಿಲ್ಲ. ಔಷಧ ಹಿಡಿದಿದೆ. ಆದರೆ ಏರಿಯೂ ಇಲ್ಲ. ಮುಂದೆ ಏರುತ್ತದೆಂದು ನಾನು ಮಾತು ಕೊಡಲಾರೆ.’ ಡಾಕ್ಟರು ಅವಳ ಬಲಗೈ ನೋಡಿದರು. ‘ಕೆಲಸದಲ್ಲಿ ಹೇಗಿದೆ? ಬೆರಳಿಗೆ ತಂತಿ ತಿಳಿಯುತ್ತದೆಯೇ?’

‘ತಿಳಿಯುತ್ತದೆ,’ ಎಂದಳು ಇಂದೂ.

ಸುಳ್ಳು ಅಷ್ಟು ಸಲೀಸಾಗಿ ಬಾಯಿಂದ ಬಂತು. ಡಾಕ್ಟರು ನಂಬಿ, ಹಾಗಾದರೆ ಮಾಡಿ ಎಂದರು. ಇಂದೂಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಇನ್ನೊಂದು ವರ್ಷ ಮೇಜು ತನ್ನದು. ಕಾಲು ಕಿಲೋ ಪೇಢೆ ಕಟ್ಟಿಸಿಕೊಂಡು ಊಟದ ಹೊತ್ತಿಗೆ ಶೆಡ್ಡು ಸೇರಿದಳು. ಕೆಲಸದವರೆಲ್ಲ ಹೊರಗೆ ಕಟ್ಟೆಯ ಮೇಲೆ ಉಣ್ಣುತ್ತಿದ್ದರು. ಸಕ್ಕುಬಾಯಿ ಒಬ್ಬಳೇ ಒಳಗಿದ್ದಳು.

‘ತಿನ್ನು ಅಕ್ಕಾ. ಇಳದಿಲ್ಲ ಅಂತ. ಮಷಿನ್ನಽ ಹೇಳಿತು, ನಾ ಪಾಸ್.’

ಸಕ್ಕುಬಾಯಿ ಪೇಢೆ ತೆಗೆದುಕೊಂಡಳು, ಬಾಯಿಗೆ ಹಾಕಿಕೊಳ್ಳಲಿಲ್ಲ. ಅದನ್ನು ಕಾಗದದ ಮೇಲೆ ತಿರುಗಿ ಇಟ್ಟಳು.

‘ಇಂದೂ, ಬಯ್ಯೂದಿದ್ರ ಆಮ್ಯಾಲೆ ಬೈ. ಇಲ್ಲಿ ಬಾ.’

ಅವಳು ತನ್ನ ಮೇಜಿನ ಅಡಿಯಿಂದ ಬಿಸ್ಕೀಟಿನ ಡಬ್ಬಿಯೊಂದನ್ನು ಎಳೆದು ಮುಚ್ಚಳ ತೆಗೆದಳು. ಒಳಗೆ ತಾಮ್ರದ ಸುರುಳಿಗಳು. ಪ್ರತಿಯೊಂದಕ್ಕೂ ಒಂದು ಕಡೆ ಬಿಳಿ ದಾರ ಕಟ್ಟಿತ್ತು. ಇಂದೂ ಎಣಿಸಿದಳು, ಹನ್ನೊಂದು ಇದ್ದವು.

‘ಏನಿವು?’

‘ನಿನ್ನವು. ದಾರ ಕಟ್ಟಿದಲ್ಲೆ ಗೀರು ಅದ.’

ಇಂದೂ ತಂತಿಯನ್ನು ಬೆಳಕಿಗೆ ಹಿಡಿಯತೊಡಗಿದ ದಿನದಿಂದ, ಅವಳು ಕೈ ತೊಳೆಯಲು ಹೋದಾಗ, ಚುಚ್ಚುಮದ್ದಿಗೆ ಹೋದಾಗ, ಅವಳು ಸುತ್ತಿದ ಒಂದೊಂದು ಸುರುಳಿಯನ್ನೂ ಸಕ್ಕುಬಾಯಿ ತನ್ನ ಬೆರಳಲ್ಲಿ ಹಾಯಿಸಿ ನೋಡಿದ್ದಳು. ಕೆಟ್ಟದ್ದನ್ನು ತೆಗೆದಿಟ್ಟು, ಅದರ ಜಾಗಕ್ಕೆ ತಾನೇ ಹೊಸದು ಸುತ್ತಿ ಮೋಟಾರಿಗೆ ಕೂಡಿಸಿದ್ದಳು. ಮೋಟಾರುಗಳು ಹಿಂದಕ್ಕೆ ಬಾರದಿದ್ದುದು ಅದಕ್ಕೆ.

ಇಂದೂ ಡಬ್ಬಿಯನ್ನು ಹಿಂದಕ್ಕೆ ದೂಡಿದಳು. ‘ನನ್ನ ಕೆಲಸದಾಗ ಕೈ ಹಾಕು ಅಂತ ನಿನಗ ಯಾರು ಹೇಳಿದ್ರು? ಇಷ್ಟು ದಿನ ಬಗಲಿಗೆ ಕೂತು ಉಂಡೀ, ಒಂದ ಮಾತು ಹೇಳಬೇಕಿತ್ತೋ ಇಲ್ಲೋ?’

‘ನೀ ಹೇಳಿದ್ಯೇನು ನನಗ?’ ಎಂದಳು ಸಕ್ಕುಬಾಯಿ.

ಇಂದೂಗೆ ನಾಚಿಕೆಯಾಯಿತು. ಯಂತ್ರದಿಂದ ಮುಚ್ಚಿಡಲಾಗದ್ದನ್ನು ಡಾಕ್ಟರಿಂದ ಮುಚ್ಚಿಟ್ಟಿದ್ದಳು, ಅನ್ನ ಹಂಚಿಕೊಂಡು ತಿಂದವಳಿಂದ ಮುಚ್ಚಿಟ್ಟಿದ್ದಳು. ಒಂದು ಸುರುಳಿ ಎತ್ತಿ, ದಾರ ಸರಿಸಿ, ಆ ಜಾಗದ ಮೇಲೆ ಹೆಬ್ಬೆರಳು ಆಡಿಸಿದಳು. ನುಣ್ಣಗಿತ್ತು. ಇನ್ನೊಂದನ್ನು ಎತ್ತಿದಳು. ಅದೂ ನುಣ್ಣಗಿತ್ತು. ಹನ್ನೊಂದೂ ನುಣ್ಣಗಿದ್ದವು.

‘ನಿನ್ನೆ ಸುತ್ತಿದ್ದು?’ ಎಂದು ಕೇಳಿದಳು.

‘ಇನ್ನೂ ನೋಡಿಲ್ಲ.’

‘ನೋಡು.’

ಮೇಜಿನ ಮೇಲೆ ಮೂರು ಸುರುಳಿಗಳಿದ್ದವು. ಕೊಂಢವಾ ಬಡಾವಣೆಯ ಒಂದು ಹೆರಿಗೆ ಆಸ್ಪತ್ರೆಯ ಲಿಫ್ಟಿನ ಮೋಟಾರಿಗೆ ಹೋಗಬೇಕಾದವು. ಸಕ್ಕುಬಾಯಿ ಮೊದಲನೆಯದನ್ನು ನಿಧಾನವಾಗಿ ಹಾಯಿಸಿ ಪಕ್ಕಕ್ಕಿಟ್ಟಳು. ಎರಡನೆಯದರಲ್ಲಿ ಅವಳ ಬೆರಳು ನಿಂತಿತು. ಅವಳು ತಲೆ ಎತ್ತಲಿಲ್ಲ.

ಇಂದೂ ಅದನ್ನು ಅವಳ ಕೈಯಿಂದ ತೆಗೆದುಕೊಂಡು ಮಾಲಕರ ಕೋಣೆಗೆ ನಡೆದಳು. ಮಾಲಕರು ಡಬ್ಬಿ ಬಿಚ್ಚಿ ಊಟಕ್ಕೆ ಕೂತಿದ್ದರು. ಅವಳು ಸುರುಳಿಯನ್ನು ಅವರ ಮೇಜಿನ ಮೇಲಿಟ್ಟು ಮರಾಠಿಯಲ್ಲಿ ಹೇಳಿದಳು: ‘ಇದು ನಾನು ಸುತ್ತಿದ್ದು. ಇದರಲ್ಲಿ ಗೀರಿದೆ. ಇಂಥವು ಇನ್ನೂ ಹನ್ನೊಂದಿವೆ. ನನ್ನ ಬೆರಳಿಗೆ ತಿಳಿಯುವುದಿಲ್ಲ, ಎರಡು ವರ್ಷವಾಯಿತು. ಇನ್ನು ನಾನು ತಂತಿ ಮುಟ್ಟುವುದಿಲ್ಲ.’

ಮಾಲಕರು ಕೈ ಒರೆಸಿಕೊಂಡು, ಕನ್ನಡಕ ಹಾಕಿಕೊಂಡು, ಸುರುಳಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿದರು. ಅವರಿಗೆ ಏನೂ ಕಾಣಲಿಲ್ಲ.

‘ಎಲ್ಲಿದೆ? ತೋರಿಸು.’

ಇಂದೂ ಬಲಗೈ ಚಾಚಿ ತಂತಿಯ ಮೇಲೆ ಬೆರಳಿಟ್ಟಳು. ಮೇಲಿನಿಂದ ಕೆಳಗೆ ಆಡಿಸಿದಳು, ಕೆಳಗಿನಿಂದ ಮೇಲೆ ಆಡಿಸಿದಳು. ಆಮೇಲೆ ಕೈ ಹಿಂದಕ್ಕೆ ತೆಗೆದುಕೊಂಡು ಬಾಗಿಲಿನ ಕಡೆ ತಿರುಗಿದಳು.

‘ಅಕ್ಕಾ,’ ಎಂದು ಕರೆದಳು. ‘ಎಲ್ಲೆ ಅದ ಅಂತ ನೀನಽ ಬಂದು ತೋರಿಸು. ನನಗ ತಿಳ್ಯಾಂಗಿಲ್ಲ.’